ಕುರಿಂಜಿ ಎಸ್‌ಎಸ್‌ಆರ್ ಮಾರ್ಕರ್: ಎರಡು ಲೋಕಸ್‌ನಲ್ಲಿ ಹೋಮೋಜೈಗೋಟ್ ಯಾಕಿಷ್ಟು ಜಾಸ್ತಿ?

ಗಿರಿಸಾಲು:
ನಮಸ್ಕಾರ. ನೀಲಕುರಿಂಜಿಗೆ ಎಸ್‌ಎಸ್‌ಆರ್ ಮಾರ್ಕರ್ (ಡಿಎನ್‌ಎಯಲ್ಲಿ ಚಿಕ್ಕ ತುಣುಕೊಂದು ಮತ್ತೆ ಮತ್ತೆ ರಿಪೀಟ್ ಆಗುವ ಜಾಗ) ಮಾಡುತ್ತಿದ್ದೇನೆ. ಆ ಜಾಗ ಹಿಡಿದು ನಕಲು ಮಾಡಲು ಬೇಕಾದ ಪ್ರೈಮರ್ (ಡಿಎನ್‌ಎ ಚೂರು) ಡಿಸೈನ್ ಮಾಡಿದ್ದು ಮುಳ್ಳಯ್ಯನಗಿರಿ ಗಿಡಗಳ ಸೀಕ್ವೆನ್ಸ್‌ನಿಂದ. ಅಲ್ಲಿನ ಎಲೆಗಳಿಗೆ ಎಂಟು ಲೋಕಸ್ಸೂ (ಮಾರ್ಕರ್ ಜಾಗ) ಚೆನ್ನಾಗಿವೆ. ಕೇರಳದ ಎರವಿಕುಲಂ ಎಲೆಗಳಿಗೆ ಮಾತ್ರ ಎರಡು ಲೋಕಸ್ ಕೈಕೊಡುತ್ತಿವೆ. ಬಹುತೇಕ ಗಿಡಗಳಿಗೆ ಒಂದೇ ಪೀಕ್, ಅಂದರೆ ಎರಡೂ ಅಲೀಲ್ (ಆ ಜಾಗದ ರೂಪ) ಒಂದೇ ಆಗಿರುವ ಹೋಮೋಜೈಗೋಟ್ ಥರ; ಕೆಲವಕ್ಕೆ ಪೀಕೇ ಇಲ್ಲ. ನಮ್ಮ ಗೈಡ್ "ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡೋ ಗಿಡ ಅಲ್ವಾ, ಇನ್‌ಬ್ರೀಡಿಂಗ್ (ಹತ್ತಿರದ ಸಂಬಂಧಿಗಳ ನಡುವೆ ಸಂತಾನ) ಇರಬೇಕು" ಅಂದರು. ಹಾಗೇ ಬರೆಯಲಾ?

ಜೆಲ್‌ಪ್ರಿಯ:
ಈಗಲೇ ಬರೆಯಬೇಡಿ. ಇನ್‌ಬ್ರೀಡಿಂಗ್ ಆಗಿದ್ದರೆ ಎಂಟೂ ಲೋಕಸ್‌ನಲ್ಲಿ ಅದರ ಗುರುತು ಕಾಣಬೇಕಿತ್ತು. ಎರಡರಲ್ಲಿ ಮಾತ್ರ ಅಂದರೆ ನನ್ನ ಅನುಮಾನ ನಲ್ ಅಲೀಲ್ ಮೇಲೆ, ಅಂದರೆ ಇದ್ದೂ ಪೀಕ್ ಕೊಡದ ಅಲೀಲ್. ಪ್ರೈಮರ್ ಕೂರುವ ಜಾಗದಲ್ಲಿ ಆ ಬೆಟ್ಟದ ಗಿಡಗಳಿಗೆ ಒಂದೆರಡು ಬೇಸ್ ಬದಲಾಗಿರಬಹುದು. ಅದೂ 3 ಪ್ರೈಮ್ ತುದಿಯಲ್ಲಿ (ಪ್ರೈಮರ್‌ನಿಂದ ನಕಲು ಮುಂದುವರಿಯುವ ತುದಿ) ಆದರೆ ಆ ಅಲೀಲ್ ಪಿಸಿಆರ್‌ನಲ್ಲಿ (ಡಿಎನ್‌ಎ ನಕಲು ಮಾಡುವ ವಿಧಾನ) ಏಳದೇ ಹೋಗಬಹುದು. ಜೊತೆಗಿರುವುದು ಮಾತ್ರ ಕಾಣುತ್ತದೆ, ಎರಡು ಬೇರೆ ಅಲೀಲ್ ಇರುವ ಹೆಟೆರೋಜೈಗೋಟ್ ಗಿಡ ಹೋಮೋಜೈಗೋಟ್ ವೇಷ ಹಾಕುತ್ತದೆ. ಪೀಕೇ ಬಾರದ ಗಿಡಗಳಲ್ಲಿ ಎರಡೂ ಅಲೀಲ್ ನಲ್ ಇರಬಹುದು.

ಅಂದಹಾಗೆ, ಎಲ್ಲ ಗಿಡ ಒಟ್ಟಿಗೆ ಹೂ ಬಿಟ್ಟಾಗ ತುಡುವೆ ಜೇನು ಗುಡ್ಡದ ತುಂಬಾ ಪರಾಗ ಹಂಚುತ್ತದೆ. ಅಪರೂಪಕ್ಕೆ ಹೂ ಬಿಡುತ್ತದೆ ಅಂತ ಇನ್‌ಬ್ರೀಡಿಂಗ್ ಅನ್ನಲಾಗದು.

ಅನೀಲಿಂಗ್ (ಪ್ರೈಮರ್ ಅಂಟುವ ತಾಪ) 60 ಇದ್ದರೆ 55 ಡಿಗ್ರಿಗೆ ಇಳಿಸಿ ನೋಡಿ. ಒಂಟಿ ಪೀಕ್‌ಗಳೆಲ್ಲ ಸಣ್ಣ ಸೈಜಿನವಾ ಅಂತಲೂ ಗಮನಿಸಿ. ಹಾಗಿದ್ದರೆ ಡಿಎನ್‌ಎ ತುಂಡಾಗಿ ದೊಡ್ಡ ಅಲೀಲ್ ಬಿದ್ದುಹೋಗುತ್ತಿರಬಹುದು. ಮೈಕ್ರೋ-ಚೆಕರ್ ಸಾಫ್ಟ್‌ವೇರ್ ನಲ್ ಅಲೀಲ್, ದೊಡ್ಡ ಅಲೀಲ್ ಬೀಳುವುದು, ಈ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ.

ಶೋಲಾಹುಳು:
ಎಲೆ ಕಿತ್ತಿದ್ದು ಹೇಗೆ? ಎರವಿಕುಲಂನವು 2018ರ ಹೂವಿನ ಬೀಜದಿಂದ ಎದ್ದ ಗಿಡಗಳು, ಎಲ್ಲಕ್ಕೂ ಒಂದೇ ವಯಸ್ಸು. ಪಕ್ಕಪಕ್ಕದಲ್ಲೇ ಕಿತ್ತರೆ ಒಂದೇ ತಾಯಿಯ ಮಕ್ಕಳೇ ಜಾಸ್ತಿ ಸಿಗುತ್ತಾರೆ. ಎರಡು ಲೋಕಸ್‌ನ ಕಥೆಗೆ ಇದು ಕಾರಣವಲ್ಲ, ಆದರೂ ವೈವಿಧ್ಯದ ಲೆಕ್ಕ ತಪ್ಪುತ್ತದೆ.

ಗಿರಿಸಾಲು:
ದೂರ ಬಿಟ್ಟೇ ಕಿತ್ತಿದ್ದೆ. 55ಕ್ಕೆ ಇಳಿಸಿದೆ. ಒಂದು ಲೋಕಸ್‌ನಲ್ಲಿ ಎರಡನೇ ಪೀಕ್ ನೀಟಾಗಿ ಎದ್ದಿತು! ಇನ್ನೊಂದರಲ್ಲಿ ಸುಮ್ನೆ ಕಸದ ಪೀಕ್‌ಗಳು.

ಜೆಲ್‌ಪ್ರಿಯ:
ಕಸ ಬಂದದ್ದಕ್ಕೆ ಪ್ರೈಮರನ್ನು ರಿಪೀಟ್‌ನಿಂದ ಇನ್ನಷ್ಟು ಹೊರಗೆ ತಳ್ಳಿ ಹೊಸದು ಮಾಡಿ. ಆಗ ಮುಳ್ಳಯ್ಯನಗಿರಿ ಎಲೆಗಳನ್ನೂ ಅದರಲ್ಲೇ ಮತ್ತೆ ಓಡಿಸಬೇಕು. ಪ್ರಾಡಕ್ಟ್ ಉದ್ದ ಬದಲಾಗಿರುತ್ತದೆ. ಹಳೆ ಸೈಜು, ಹೊಸ ಸೈಜು ಬೆರೆಸಿದರೆ ಎರಡು ಬೆಟ್ಟಗಳ ಮಧ್ಯೆ ಇಲ್ಲದ ವ್ಯತ್ಯಾಸ ಕಾಣುತ್ತದೆ.