ವಿಯೆನ್ನಾ ಕಾರ್ಯಕ್ರಮ ರದ್ದು, ವಿಮಾನ ಇವತ್ತೇ ರಾತ್ರಿ. ಹೋಗುವುದಾ, ಬಿಡುವುದಾ? ಅನುಭವ ಇದ್ದವರು ಹೇಳಿ

ಬಸವನಗುಡಿ ಅಮ್ಮ
ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಆಸ್ಟ್ರಿಯಾದ ವಿಯೆನ್ನಾದಲ್ಲಿ ಮಾಡಬೇಕಿದ್ದ ಮೂರೂ ಕಾರ್ಯಕ್ರಮ ರದ್ದಾಗಿವೆ. 2024ರ ಆಗಸ್ಟ್ 8, 9, 10, ಎರ್ನ್‌ಸ್ಟ್ ಹಾಪೆಲ್ ಸ್ಟೇಡಿಯಂ. ದಾಳಿಗೆ ಸಂಚು ನಡೆದಿತ್ತೆಂದು ಪೊಲೀಸರು ಹುಡುಗರನ್ನು ಹಿಡಿದಿದ್ದಾರೆ, ಅದಕ್ಕೇ. ನಮ್ಮ ಟಿಕೆಟ್ 10ನೇ ತಾರೀಖಿನದು, ನನಗೂ ಮಗಳಿಗೂ. ಅದರ ದುಡ್ಡು ಹತ್ತು ಕೆಲಸದ ದಿನದೊಳಗೆ ತಾನಾಗೇ ವಾಪಸ್ ಬರುತ್ತದಂತೆ. ಉಳಿದದ್ದರ ಗತಿ ಏನು? ಹೋಟೆಲ್ ನಾನ್-ರಿಫಂಡಬಲ್. ಮಗಳು ಸೂಟ್‌ಕೇಸಿನಿಂದ ಬಟ್ಟೆ ತೆಗೆದು ಬೀರುವಿಗೆ ಇಟ್ಟಾಯಿತು. ಇಂಥದ್ದರಲ್ಲಿ ಸಿಕ್ಕಿಕೊಂಡವರು ಹೇಳಿ, ಪ್ಲೀಸ್.

ಬೂಮ್ ಬಸ್ಯಾ
ಹೋಗಿ ಮೇಡಂ. ನನ್ನದು ಕೇಳಿದರೆ ನಿಮ್ಮದು ಏನೂ ಅಲ್ಲ ಅನಿಸುತ್ತದೆ. ಟುಮಾರೋಲ್ಯಾಂಡ್ ಎಂಬ ಡ್ಯಾನ್ಸ್ ಮ್ಯೂಸಿಕ್ ಉತ್ಸವ, 2020, ಬೆಲ್ಜಿಯಂನ ಬೂಮ್ ಊರು, ಜುಲೈ. ಏಪ್ರಿಲ್ 15ಕ್ಕೆ ಅಲ್ಲಿನ ಸರ್ಕಾರ ಆಗಸ್ಟ್ ಮುಗಿಯುವವರೆಗೆ ದೊಡ್ಡ ಕಾರ್ಯಕ್ರಮ ಯಾವುದೂ ಇಲ್ಲ ಎಂದಿತು. ಟಿಕೆಟ್ ಮುಂದಿನ ವರ್ಷಕ್ಕೆ ಹಾಕಿಸಿಕೊಂಡೆ. 2021ರಲ್ಲಿ ಬೂಮ್ ಮತ್ತು ಪಕ್ಕದ ರುಮ್ಸ್ಟ್ ಊರಿನ ಮೇಯರ್‌ಗಳು ಆಗಲ್ಲ ಅಂದರು. ಸರಿ, 2022. ಆ ವರ್ಷ ಎರಡರ ಬದಲು ಮೂರು ವಾರಾಂತ್ಯ ಮಾಡಿದರು. ಅಷ್ಟೂ ಕಾಲ ಟಿಕೆಟ್‌ಗೆ ಏನೂ ಆಗಲಿಲ್ಲ. ಹಾಳಾಗಿದ್ದು ವಿಮಾನದ ದುಡ್ಡು.

ಏಜೆಂಟ್ ಕೈಲಿ ಮಾಡಿಸಿದ್ದೆ. 57,800. ವಿಮಾನದವರು ಪೂರ್ತಿ ದುಡ್ಡು ಆತನಿಗೆ ಕೊಟ್ಟರು, ಅದರ ಮೇಲ್ ನನ್ನ ಹತ್ತಿರ ಇದೆ. ಆತ ನನಗೆ ಕೊಟ್ಟಿದ್ದು ಕ್ರೆಡಿಟ್ ನೋಟ್, ಅದೂ 51,300ಕ್ಕೆ. ಉಳಿದ 6,500 ಪ್ರೊಸೆಸಿಂಗ್ ಅಂತೆ! ಮುಂದೆ ಬಳಸಲು ಹೋದರೆ ನೋಟಿನ ಗಡುವು ಮುಗಿದಿದೆ ಎಂದ. ಅವನ ಅಂಗಡಿಯ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಮೇಲ್ ಪ್ರಿಂಟ್ ತೋರಿಸಿದರೂ "ಸಿಸ್ಟಂ ತಗೊಳ್ತಿಲ್ಲ ಸಾರ್" ಅಷ್ಟೇ. ಕಂಪ್ಯೂಟರ್ ಆನ್ ಕೂಡ ಮಾಡಿರಲಿಲ್ಲ. 2022ರಲ್ಲಿ ಅದೇ ದಾರಿಗೆ 93,000 ಕೊಟ್ಟೆ. ಆದರೂ ಹೋದೆ. ಅಲ್ಲಿ ನಿಂತಾಗ ಒಂದು ಪೈಸೆಯೂ ನೆನಪಾಗಲಿಲ್ಲ.

ಲೆಕ್ಕದ ಮೇಷ್ಟ್ರು
ಪೈಸೆ ನೆನಪಾಗಲಿಲ್ಲ ಅಂತೀರಿ, 6,500 ಮಾತ್ರ ಇನ್ನೂ ಬಾಯಲ್ಲೇ ಇದೆ!

ನಮ್ಮ ಮನೆಯಲ್ಲೂ ಇದೇ ವಿಯೆನ್ನಾ, ಇದೇ 10ನೇ ತಾರೀಖು. ಬೆಳಗ್ಗೆ ಕಾಫಿಗೆ ಮೊದಲೇ ಕ್ಯಾನ್ಸಲ್ ಮಾಡಿದೆ. ಲೆಕ್ಕ ನೋಡಿ. ಟಿಕೆಟ್ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದು. ವಿದೇಶಿ ಹಣದ ಖರೀದಿಗೆ ಬ್ಯಾಂಕ್ ಹಾಕುವ ಮಾರ್ಕಪ್ 3.5, ಆ ಮಾರ್ಕಪ್ ಮೇಲೆ ಜಿಎಸ್‌ಟಿ 18, ಸೇರಿ 4.13 ಪರ್ಸೆಂಟ್. ಸಂಘಟಕರು ಯೂರೋ ಲೆಕ್ಕದಲ್ಲಿ ಪೂರ್ತಿ ಕೊಟ್ಟರೂ ನನ್ನ ಬ್ಯಾಂಕ್ ಈ 4.13 ಬಿಟ್ಟುಕೊಡುವುದಿಲ್ಲವಂತೆ, ಕೇಳಿಯಾಯಿತು. ವೀಸಾ ಫೀಸು ಜೂನ್ 11ಕ್ಕೆ 80ರಿಂದ 90 ಯೂರೋ ಆಯಿತು, ನಾವು ಅರ್ಜಿ ಹಾಕಿದ್ದು ಸರಿಯಾಗಿ ಅದರ ಮಾರನೆ ವಾರ. ಅದು ಹೋಯಿತು. ವೀಸಾ ಕೇಂದ್ರದ ಸೇವಾ ಶುಲ್ಕ, ಕೊರಿಯರ್, ಎಸ್ಸೆಮ್ಮೆಸ್‌ಗೆ ಬೇರೆ ದುಡ್ಡು, ಎಲ್ಲ ಹೋಯಿತು. ಎಸ್ಸೆಮ್ಮೆಸ್ ಒಂದೂ ಬರಲಿಲ್ಲ, ಅದು ಬೇರೆ ಮಾತು. ವಿಮಾನದ ಬೇಸ್ ಫೇರ್, ಅಂದರೆ ತೆರಿಗೆ ಬಿಟ್ಟು ಉಳಿದ ಮೂಲ ದರ, ಹೋಯಿತು. ಆದರೆ ನಾನ್-ರಿಫಂಡಬಲ್ ಆದರೂ ತೆರಿಗೆ, ಏರ್‌ಪೋರ್ಟ್ ಫೀಸು ಕೇಳಿ ವಾಪಸ್ ಪಡೆಯಿರಿ. ಹೊರಡುವ ಮುಂಚೆ ಕ್ಯಾನ್ಸಲ್ ಮಾಡಬೇಕು. ಸುಮ್ನೆ ಮನೆಯಲ್ಲಿ ಕೂತರೆ ನೋ-ಶೋ, ಅದರ ದಂಡ ಜಾಸ್ತಿ.

ವಿಮೆ ನಂಬಬೇಡಿ. ಷೆಂಗೆನ್‌ಗೆ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆದ ವೀಸಾಗೆ, ಕೇಳುವ 30,000 ಯೂರೋ ವಿಮೆ ಆಸ್ಪತ್ರೆ ಖರ್ಚಿಗೆ. ಪ್ರಯಾಣ ರದ್ದಾದರೆ ಕೊಡುವ ಭಾಗ ಬೇರೆ. ನಮ್ಮ ಪಾಲಿಸಿಯಲ್ಲಿ ಅದೂ ಇದೆ ಅಂತ ಫೋನ್ ಮಾಡಿದೆ. "ಭಯೋತ್ಪಾದಕ ಘಟನೆ ನಡೆದಿದ್ದರೆ ಕವರ್ ಆಗುತ್ತಿತ್ತು ಸಾರ್" ಎಂದಳು ಆ ಕಡೆಯ ಹುಡುಗಿ. ಪೊಲೀಸರು ಮೊದಲೇ ಹಿಡಿದುಬಿಟ್ಟರಲ್ಲ, ನನ್ನ ಕ್ಲೈಮ್ ಬಿದ್ದುಹೋಯಿತು. ಹೀಗೂ ಉಂಟೇ! ಹೋದ ದುಡ್ಡಿನ ಹಿಂದೆ ಇರುವ ದುಡ್ಡನ್ನೂ ಅಟ್ಟಬೇಡಿ ಅಮ್ಮ.

ಬೂಮ್ ಬಸ್ಯಾ
ಮೇಷ್ಟ್ರೇ, ನಿಮ್ಮ ಮಗನನ್ನು ಕೇಳಿ ಕ್ಯಾನ್ಸಲ್ ಮಾಡಿದಿರಾ?

ಲೆಕ್ಕದ ಮೇಷ್ಟ್ರು
ಬಾಗಿಲು ಹಾಕಿಕೊಂಡಿದ್ದಾನೆ. ಊಟದ ಹೊತ್ತಿಗೆ ಬರುತ್ತಾನೆ.

ಮೈಸೂರು ಪಿಟೀಲು
ಬಸ್ಯಾ ಅವರೇ, ಏಜೆಂಟ್ ವಿಷಯದಲ್ಲಿ ನೀವು ಸರಿಯಾಗಿ ಜಗಳ ಆಡಲಿಲ್ಲ. ನಾನು ಆಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಅಮೆರಿಕದ ಕ್ಲೀವ್‌ಲ್ಯಾಂಡ್ ತ್ಯಾಗರಾಜ ಆರಾಧನೆ, 2020. 1978ರಿಂದ ನಡೆದು ಬಂದದ್ದು, ಈಸ್ಟರ್ ಹೊತ್ತಿಗೆ. ಮಗಳು ಪಂಚರತ್ನ ಐದೂ ಪಿಟೀಲಿನಲ್ಲಿ ಗಟ್ಟಿ ಮಾಡಿ ಕೂತಿದ್ದಳು. ವೀಸಾಕ್ಕೆ ತಲೆಗೆ 160 ಡಾಲರ್, ಚೆನ್ನೈಗೆ ಓಡಾಟ, ಪಿಟೀಲಿಗೆ ಗಟ್ಟಿ ಪೆಟ್ಟಿಗೆ ಬೇಕೆಂದು 14,000, ಎರಡು ರೇಷ್ಮೆ ಲಂಗ. ಕೊರೊನಾ ಬಂತು, ಆ ವರ್ಷ ಅಲ್ಲಿ ಸಭೆ ಸೇರಲೇ ಇಲ್ಲ. ಏಪ್ರಿಲ್ 16ಕ್ಕೆ ನಮ್ಮ ವಿಮಾನ ಸಚಿವಾಲಯ ಆದೇಶ ಹೊರಡಿಸಿತು: ಮಾರ್ಚ್ 25ರಿಂದ ಏಪ್ರಿಲ್ 14ರೊಳಗೆ, ಅಂದರೆ ಲಾಕ್‌ಡೌನ್ ಇದ್ದಾಗ ಬುಕ್ ಮಾಡಿದವರಿಗೆ ಪೂರ್ತಿ ವಾಪಸ್. ಲಾಕ್‌ಡೌನ್‌ನಲ್ಲಿ ಯಾವ ಪುಣ್ಯಾತ್ಮ ಟಿಕೆಟ್ ಕೊಳ್ಳುತ್ತಾನೆ? ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ದಾರಿ ತೆರೆಯಿತು. ಕೈಯಲ್ಲಿ ದುಡ್ಡಿಲ್ಲದ ವಿಮಾನ ಕಂಪನಿ 2021ರ ಮಾರ್ಚ್ 31ರವರೆಗೆ ಕ್ರೆಡಿಟ್ ಶೆಲ್ ಇಡಬಹುದು, ಅಂದರೆ ದುಡ್ಡನ್ನು ಮುಂದಿನ ಟಿಕೆಟ್‌ಗೆಂದು ನಮ್ಮ ಹೆಸರಲ್ಲಿ ಜಮಾ ಇಡಬಹುದು, ಅದಕ್ಕೆ ತಿಂಗಳಿಗೆ ಅರ್ಧ ಪರ್ಸೆಂಟ್, ಜುಲೈಯಿಂದ ಮುಕ್ಕಾಲು. ಏಜೆಂಟ್ ಮೂಲಕ ವಾಪಸ್ ಬಂದದ್ದನ್ನು ಅವನು ತಡಮಾಡದೆ ಪ್ರಯಾಣಿಕರಿಗೆ ಕೊಡಬೇಕು ಅಂತಲೂ ಅದರಲ್ಲಿದೆ. ನಾನು ತೀರ್ಪಿನ ಆ ಪುಟಕ್ಕೆ ಹಳದಿ ಗೆರೆ ಎಳೆದು ಕಳಿಸಿದೆ. ಮುಕ್ಕಾಲು ಪರ್ಸೆಂಟೂ ಬಿಡದೆ ವಸೂಲಿ ಮಾಡಿದೆ.

ಒಂದು ಮಾತು ಹೇಳಿದರೆ ಬೇಜಾರಾಗಬೇಡಿ. ಅದು ಸಂಗೀತ, ಹೋರಾಡಿದ್ದಕ್ಕೂ ಅರ್ಥವಿತ್ತು. ಕುಣಿಯುವುದಕ್ಕೆ ವಿಯೆನ್ನಾವರೆಗೆ ಹೋಗಬೇಕಾ?

ವಿಯೆನ್ನಾ ಪಾರಿವಾಳ
ಬೇಜಾರಾಯಿತು ಆಂಟಿ. ನಾನು ಶಿವಮೊಗ್ಗದವಳು, ಇಲ್ಲೇ ಓದುತ್ತಿದ್ದೇನೆ, ನನ್ನದೂ ಟಿಕೆಟ್ ಇತ್ತು. ಈಗ ಕಾರ್ನೇಲಿಯಸ್‌ಗಾಸೆ ಎಂಬ ಬೀದಿಯಿಂದ ಬಂದೆ. ಟೇಲರ್ ಹಾಡೊಂದರಲ್ಲಿ ಬರುವ ಬೀದಿಯ ಹೆಸರಿಗೆ ಹತ್ತಿರ ಅಂತ ಎಲ್ಲರೂ ಅಲ್ಲಿ ಸೇರಿದ್ದಾರೆ. ರಸ್ತೆ ಬದಿಯ ಮರಕ್ಕೆ ಮಣಿ ಬ್ರೇಸ್ಲೆಟ್ ಕಟ್ಟುತ್ತಿದ್ದಾರೆ. ಯಾರೋ ಹಾಡು ಎತ್ತುತ್ತಾರೆ, ಬೀದಿಗೆ ಬೀದಿಯೇ ಹಾಡುತ್ತದೆ. ಪಂಚರತ್ನಕ್ಕೆ ಎಲ್ಲರೂ ಒಟ್ಟಿಗೆ ಕೂತು ಹಾಡುತ್ತಾರಲ್ವಾ, ಇದೂ ಅದೇ ತಾನೇ? ಪಕ್ಕದವಳು ಅಳುತ್ತಲೇ ನನ್ನ ಕೈಗೆ ನೀಲಿ ಮಣಿಯದೊಂದು ಹಾಕಿದಳು, ಯಾವ ದೇಶದವಳೋ.

ಬಸವನಗುಡಿ ಆಂಟಿ, ಬಂದರೆ ಟಿಕೆಟ್ ಇಟ್ಟುಕೊಂಡೇ ಬನ್ನಿ. ಅದನ್ನು ತೋರಿಸಿದವರನ್ನು ಕೆಲವು ಮ್ಯೂಸಿಯಂಗಳು ದುಡ್ಡಿಲ್ಲದೆ ಬಿಡುತ್ತಿವೆ. ಆಪೆರಾ ನೋಡೋಣ ಅಂದುಕೊಳ್ಳಬೇಡಿ, ಸ್ಟೇಟ್ ಆಪೆರಾಗೆ ಜುಲೈ, ಆಗಸ್ಟ್ ರಜೆ. ರಾತ್ರಿ ರಾಟ್‌ಹೌಸ್, ಅಂದರೆ ನಗರಸಭೆ ಕಟ್ಟಡದ ಮುಂದೆ ದೊಡ್ಡ ಪರದೆ ಮೇಲೆ ಸಂಗೀತ ಕಛೇರಿಗಳನ್ನು ಪುಕ್ಕಟೆ ತೋರಿಸುತ್ತಾರೆ. ಬಿಸಿಲು ವಿಪರೀತ, ಟೋಪಿ ತನ್ನಿ.

ಮೈಸೂರು ಪಿಟೀಲು
ತ್ಯಾಗರಾಜರನ್ನು ಇದರ ಪಕ್ಕ ಇಡುವ ಧೈರ್ಯ ಬಂತಲ್ಲ ನಿಮಗೆ. ದೊಡ್ಡ ಓದು!

ಲಂಡನ್ ಮಾವ
ಜಗಳ ಸಾಕು. ಆಗಸ್ಟ್ 15ರಿಂದ 20ರವರೆಗೆ ಲಂಡನ್ನಿನ ವೆಂಬ್ಲಿ ಸ್ಟೇಡಿಯಂನಲ್ಲಿ ಅದೇ ಕಾರ್ಯಕ್ರಮ ಇದೆ. ಅಲ್ಲಿಗೆ ಬನ್ನಿ. ನಮ್ಮದು ಇಲ್ಲಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವ, 265 ಪೌಂಡ್ ಟಿಕೆಟ್, 50 ಮುಂಗಡ ಕಟ್ಟಿದ್ದು. 2020ರ ಮಾರ್ಚ್ 18ಕ್ಕೆ ರದ್ದು. ಮುಂಗಡ ವಾಪಸ್ ಕೇಳದೆ ಅಲ್ಲೇ ಬಿಟ್ಟಿದ್ದೆವು. 2021ರ ಜನವರಿಯಲ್ಲಿ ಮತ್ತೆ ರದ್ದು. 2022ಕ್ಕೆ ಹೋದೆವು. ನನ್ನ ಹೆಂಡತಿಯ ತಮ್ಮ ಮಾತ್ರ ಮಧ್ಯದಲ್ಲೇ ಮುಂಗಡ ವಾಪಸ್ ತೆಗೆದುಕೊಂಡು ಈಗಲೂ ಕೈ ಹಿಸುಕಿಕೊಳ್ಳುತ್ತಾನೆ. ಕಾದವರಿಗೇ ಸಿಗುವುದು.

ಲೆಕ್ಕದ ಮೇಷ್ಟ್ರು
ಷೆಂಗೆನ್ ವೀಸಾದಲ್ಲಿ ಲಂಡನ್‌ಗಾ? ಬ್ರಿಟನ್ ವೀಸಾ ಬೇರೆ ಸ್ವಾಮಿ. ಮಾಮೂಲಿಗೆ ಮೂರು ವಾರ. ಬೇಗ ಬೇಕೆಂದರೆ ಮೇಲೆ 500 ಪೌಂಡ್. ಟಿಕೆಟ್ ಮರುಮಾರಾಟದವರಿಗೆ ಕೊಡುವುದನ್ನು ನಾನು ಎಣಿಸಿಲ್ಲ, ಎಣಿಸಿದರೆ ಬಿಪಿ ಏರುತ್ತದೆ.

ಬೂಮ್ ಬಸ್ಯಾ
ಲಂಡನ್ ಬೇಡ. ಪಕ್ಕದ ಚೆಕ್ ದೇಶದ ಪ್ರಾಗ್‌ಗೆ ರೈಲು ಹತ್ತಿ. ಒಂದೇ ವೀಸಾ.

ಲೆಕ್ಕದ ಮೇಷ್ಟ್ರು
ಆಸ್ಟ್ರಿಯಾ ವೀಸಾ ಕೊಟ್ಟಿದ್ದು ಹೆಚ್ಚು ದಿನ ಆಸ್ಟ್ರಿಯಾದಲ್ಲಿ ಇರುತ್ತೀರಿ ಅಂತ. ಗಡಿಯಲ್ಲಿ ಕೇಳಿದರೆ ಬಸ್ಯಾ ಬಂದು ಉತ್ತರ ಕೊಡುತ್ತಾರಾ?

ಬೂಮ್ ಬಸ್ಯಾ
ಎರಡು ದಿನ ಪ್ರಾಗ್ ನೋಡಿಬಂದರೆ ಯಾರೂ ಏನೂ ಅನ್ನಲ್ಲ. ಇಳಿಯುವುದು ವಿಯೆನ್ನಾ, ಹೋಟೆಲ್ ವಿಯೆನ್ನಾ, ಹತ್ತುವುದೂ ವಿಯೆನ್ನಾ. ಮನೆಬಿಟ್ಟು ಕದಲದವರು ಗಡಿ ಬಗ್ಗೆ ಪಾಠ ಮಾಡಬೇಡಿ.

ಬಸವನಗುಡಿ ಅಮ್ಮ
ಎಲ್ಲರಿಗೂ ಥ್ಯಾಂಕ್ಸ್. ಹೊರಟಿದ್ದೇವೆ. ಕ್ಯಾನ್ಸಲ್ ಮಾಡಿದ್ದರೆ ತೆರಿಗೆ ಅಂತ ಇಬ್ಬರಿಗೂ ಸೇರಿ 19,000 ಚಿಲ್ಲರೆ ಬರುತ್ತಿತ್ತು, ಹೋಟೆಲ್‌ನಿಂದ ಸೊನ್ನೆ. ಪಾರಿವಾಳ, ಆ ಮರ ಇರುವ ಬೀದಿಗೆ ಯಾವ ಮೆಟ್ರೋ?

ಲೆಕ್ಕದ ಮೇಷ್ಟ್ರು
ಕದಲದವರು ಅಂದಿರಲ್ಲ ಬಸ್ಯಾ, 2019ರಲ್ಲಿ ಸಿಂಗಾಪುರಕ್ಕೆ ಹೋಗಿದ್ದೇನೆ.

ಲಂಡನ್ ಮಾವ
ಬ್ರಿಟನ್ ವೀಸಾ ನೂರು ಪೌಂಡ್ ಅಷ್ಟೇ. ಸುಮ್ನೆ ಹೆದರಿಸಬೇಡಿ.

ಲೆಕ್ಕದ ಮೇಷ್ಟ್ರು
ನೂರು ಇದ್ದದ್ದು 2023ರ ಅಕ್ಟೋಬರ್‌ವರೆಗೆ. ಆಮೇಲೆ 115 ಆಯಿತು. ಅಲ್ಲೇ ಕೂತವರಿಗೆ ಅಷ್ಟೂ ಗೊತ್ತಿಲ್ಲವಾ?

ಲಂಡನ್ ಮಾವ
ನಾನು ಯಾಕೆ ವೀಸಾ ಫೀಸು ನೋಡಲಿ? ನನಗೆ ಪಾಸ್‌ಪೋರ್ಟೇ ಇದೆ.

ಮೈಸೂರು ಪಿಟೀಲು
ಬಂತು ನೋಡಿ, ಪಾಸ್‌ಪೋರ್ಟ್ ಜಂಬ. ಬಸ್ಯಾ ಅವರೇ, ಆ ಮೇಲ್ ನನಗೆ ಕಳಿಸಿ, ಏಜೆಂಟ್‌ಗೆ ಒಂದು ಕಾಗದ ಬರೆದುಕೊಡುತ್ತೇನೆ. ನಾಲ್ಕು ವರ್ಷ ಆಯಿತು ಅಂತ ಬಿಡಬೇಡಿ.