ಕೆ. ವೆಂಕಟಪ್ಪನವರ ಊಟಿ ಚಿತ್ರಗಳಲ್ಲಿ ಮೈಸೂರಿನ ಚಿತ್ರಗಾರಿಕೆ ಎಲ್ಲಿದೆ?

ಪ್ರಶ್ನೆ

ಮೈಸೂರಿನ ಅರಮನೆ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು (1886–1965) ರಚಿಸಿದ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ಚಿತ್ರಗಳನ್ನು ಈಚೆಗೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದ ಮುದ್ರಿತ ಪ್ರತಿಗಳಲ್ಲಿ ನೋಡಿದೆ. ಚಿನ್ನದ ರೇಕು, ಉಬ್ಬುಗೆಲಸ, ದೇವತಾಮೂರ್ತಿಗಳ ಪರಂಪರೆಯಿಂದ ಬಂದವರ ಈ ಬೆಟ್ಟ, ಮೋಡ, ಕೆರೆಗಳಲ್ಲಿ ಆ ಪರಂಪರೆಯ ಸುಳಿವೇ ಕಾಣಲಿಲ್ಲ. ಅವರು ಕುಲಕಸುಬನ್ನು ಪೂರ್ತಿಯಾಗಿ ಕೈಬಿಟ್ಟರೆಂದು ಹೇಳಬಹುದೇ?

ಉತ್ತರ 1

ವಸ್ತುವಿನಲ್ಲಿ ಹುಡುಕಿದರೆ ಸಿಗದು, ಕೈಯ ಅಭ್ಯಾಸದಲ್ಲಿ ಹುಡುಕಬೇಕು. ಸುಟ್ಟ ಹುಣಸೆ ಕಡ್ಡಿಯಿಂದ ರೂಪರೇಖೆ ಎಳೆದು, ಅಳಿಲಿನ ಕೂದಲಿನ ಕುಂಚದಿಂದ ಬಣ್ಣ ತುಂಬಿ, ಮಕ್ಕಿ ಸುಫೇದವನ್ನು (ಉಬ್ಬು ಮೂಡಿಸಲು ಬಳಸುವ, ಅಂಟು ಬೆರೆಸಿದ ಲೇಪವನ್ನು) ತೆಳುವಾಗಿ ಎತ್ತಿ ಅದರ ಮೇಲೆ ರೇಕು ಕೂರಿಸುವ ಮೈಸೂರು ಶೈಲಿಯಲ್ಲಿ ಅವಸರಕ್ಕೆ ಜಾಗವಿಲ್ಲ. ಒಂದು ಹಂತ ಒಣಗದೆ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಊಟಿಯ ಚಿತ್ರಗಳಲ್ಲಿ ದೂರದ ಇಳಿಜಾರಿನ ಮರಗಳನ್ನೂ ಬಿಡಿಬಿಡಿಯಾಗಿ ತೀಡಿರುವ ತಾಳ್ಮೆ ಅಲ್ಲಿಂದಲೇ ಬಂದದ್ದೆಂದು ನನ್ನ ಎಣಿಕೆ. ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿದ ಉಬ್ಬುಶಿಲ್ಪಗಳನ್ನು ನೋಡಿದರಂತೂ ಮನೆಯ ಉಬ್ಬುಗೆಲಸವೇ ದೊಡ್ಡದಾಗಿ ಬೆಳೆದಂತೆ ತೋರುತ್ತದೆ. ದಂತದ ಮೇಲೂ ಚಿತ್ರ ಬರೆದ ಕೈ ಅದು. ಕಸುಬು ಬಿಟ್ಟವರ ಲಕ್ಷಣ ಇದಲ್ಲ.

ಉತ್ತರ 2

ಮೇಲಿನ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಬಂಗಾಳ ಶೈಲಿಯ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದವರು, ನಂದಲಾಲ ಬೋಸರ ಸಹಪಾಠಿಗಳು. ಆ ಗುರುಗಳ ಬಳಗದಲ್ಲಿ ಮೊಘಲ್ ಕಿರುಚಿತ್ರಗಳಿಗೆ ತುಂಬ ಗೌರವವಿತ್ತು. ಆದ್ದರಿಂದ ಕುಸುರಿಯನ್ನೆಲ್ಲ ಮೈಸೂರಿನ ಮನೆತನದ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ತೋಯಿಸಿ ಬಣ್ಣವನ್ನು ಮಬ್ಬಾಗಿಸುವ ಬಂಗಾಳದ ವಾಶ್ ವಿಧಾನವನ್ನು ಕಲಿತಿದ್ದರೂ, ಬೆಟ್ಟಗಳ ಮುಂದೆ ಕುಳಿತಾಗ ಅವರು ಆ ಕನಸಿನ ಮಬ್ಬಿಗೆ ಜೋತುಬೀಳದೆ ಕಣ್ಣೆದುರಿನ ಬೆಳಕನ್ನೇ ನಂಬಿದರು. ಊಟಿ, ಕೊಡೈಕೆನಾಲ್ ಚಿತ್ರಗಳ ಹೊಸತನವಿರುವುದು ಇಲ್ಲಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೊದಲ ಉತ್ತರದ ನಂತರ ಇನ್ನೊಂದು ಸಂಗತಿ ಹೊಳೆಯಿತು: ಅವರು ವೀಣೆ ಶೇಷಣ್ಣನವರಲ್ಲಿ ವೀಣೆಯನ್ನೂ ಕಲಿತವರು. ಗುರುವಿನೆದುರು ಕುಳಿತು ಸಾಧನೆ ಮಾಡುವ ಪದ್ಧತಿಯೇ ಅವರಿಗೆ ಒಗ್ಗಿತ್ತೆಂದರೆ, ಬೆಟ್ಟದ ಮುಂದೆಯೂ ಅವರು ಹಾಗೆಯೇ ಕುಳಿತಿರಬಹುದು. ಹಾಗಾಗಿ ‘ಕೈಬಿಟ್ಟರು’ ಎಂಬ ನನ್ನ ಮಾತಿಗೆ ಇನ್ನು ಅಂಟಿಕೊಳ್ಳಲಾರೆ, ಆದರೆ ಚಿನ್ನದ ರೇಕು ಅವರ ಬೆಟ್ಟಗಳಿಗೆ ಏಕೆ ಬೇಕಾಗಲಿಲ್ಲ ಎಂಬುದನ್ನು ಯಾರಾದರೂ ಬಿಡಿಸಿ ಬರೆದರೆ ಓದಲು ಕಾದಿರುತ್ತೇನೆ.

ಉತ್ತರ 3

ರೇಕು ಹೊಳೆಯುವುದು ದೇವರ ಒಡವೆ, ಸಿಂಹಾಸನ, ಪ್ರಭಾವಳಿಗಳಿಗೆ. ಅದರ ಬೆಳಕು ಎಲ್ಲ ಹೊತ್ತಿನಲ್ಲೂ ಒಂದೇ. ವೆಂಕಟಪ್ಪನವರಿಗೆ ಬೇಕಾಗಿದ್ದುದು ಮಳೆಗೆ ಮುಂಚಿನ ಮತ್ತು ಮಳೆಯ ನಂತರದ ಬೆಳಕಿನ ನಡುವಿನ ವ್ಯತ್ಯಾಸ. ಅದಕ್ಕೆ ಕಾಗದದ ಬಿಳಿಯನ್ನು ಉಳಿಸಿಕೊಂಡು ಹೋಗುವ ನೀರಿನ ಬಣ್ಣವೇ ತಕ್ಕದ್ದು.