ಹಳೇ ಮನೆಗೆ ಎಲ್‌ಇಡಿ: ಯಾವುದು ಮೊದಲು? ಬಚ್ಚಲಲ್ಲಿ ಬಲ್ಬ್ ಯಾಕೆ ಉಳಿಯಲ್ಲ?

ಕಾಫಿಸೀಮೆ:
ಸಕಲೇಶಪುರ ಕಡೆಯ ಹೆಂಚಿನ ಮನೆ. ಈಗ ಇರೋದು 60 ವ್ಯಾಟಿನ ಬುರುಡೆ ಬಲ್ಬ್ 5 (ದಿನಕ್ಕೆ 3 ಗಂಟೆ), ತಾಮ್ರದ ಚೋಕಿನ ನಾಲ್ಕಡಿ ಟ್ಯೂಬ್‌ಲೈಟ್ 3 (5 ಗಂಟೆ), ದೇವರ ಮನೆ ಮತ್ತು ಪಡಸಾಲೆಯಲ್ಲಿ ರಾತ್ರಿ 10 ಗಂಟೆ ಉರಿಯೋ ಜೀರೋ ಬಲ್ಬ್ 2. ಗೃಹಜ್ಯೋತಿ ಸರಾಸರಿ 90 ಯೂನಿಟ್, ಬಳಕೆ 115 ದಾಟ್ತಿದೆ. ಸಂಜೆ ವೋಲ್ಟೇಜ್ 170ಕ್ಕೆ ಇಳಿಯುತ್ತೆ. ಬಚ್ಚಲಿಗೆ ಹಾಕಿದ ಎಲ್‌ಇಡಿ ಬೇಗ ಹೋಗ್ತಿದೆ. ಮೆಟ್ಟಿಲ ಹತ್ತಿರದ್ದು ಸ್ವಿಚ್ ಆಫ್ ಮಾಡಿದರೂ ಮಂಕಾಗಿ ಉರೀತಿರುತ್ತೆ. ಎಲ್ಲಿಂದ ಶುರು ಮಾಡಲಿ?

ಮೀಟರ್ ಮಾಮ:
ಜೀರೋ ಬಲ್ಬಿಂದ ಶುರು ಮಾಡಿ. ಅದು ಹೆಸರಿಗೆ ಜೀರೋ, ಎಳೆಯೋದು 15 ವ್ಯಾಟ್ ಹತ್ತಿರ. ಎರಡು ಸೇರಿ ತಿಂಗಳಿಗೆ 9 ಯೂನಿಟ್. ಅದೇ ಹೋಲ್ಡರಿಗೆ ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ ಅರ್ಧ ಯೂನಿಟ್ ಕೂಡ ಆಗಲ್ಲ, ಖರ್ಚೂ ಕಡಿಮೆ.

ಬುರುಡೆ ಬಲ್ಬ್ ಐದಕ್ಕೆ 27 ಯೂನಿಟ್. 9 ವ್ಯಾಟಿನದು ಹಾಕಿದರೆ 4. ಟ್ಯೂಬ್ 40 ವ್ಯಾಟ್ ಅಂತ ಬರೆದಿದ್ದರೂ ಚೋಕ್ ತಿನ್ನೋದು ಸೇರಿ 54 ಅಂತ ಹಿಡಿಯಿರಿ: ಮೂರಕ್ಕೆ 24 ಯೂನಿಟ್, 20 ವ್ಯಾಟಿನ ಬ್ಯಾಟನ್‌ಗೆ (ಪಟ್ಟಿ ಸಮೇತ ಬರೋ ಎಲ್‌ಇಡಿ ಟ್ಯೂಬ್) 9. ಒಟ್ಟು 45ರ ಮೇಲೆ ಉಳೀತು. ನಿಮಗೆ ಸರಾಸರಿ ಮೇಲೆ ಶೇ. 10 ಸೇರಿಸಿ 99 ಯೂನಿಟ್ ತನಕ ಉಚಿತ; ದಾಟಿದ್ದಕ್ಕಷ್ಟೇ ದುಡ್ಡು. ಅಂದರೆ ಬಿಲ್ ಸೊನ್ನೆಗೆ ಬರುತ್ತೆ.

ಕೊಳ್ಳುವಾಗ ವ್ಯಾಟ್ ಬಿಟ್ಟು ಲ್ಯೂಮೆನ್, ಅಂದರೆ ಬೆಳಕಿನ ಅಳತೆ, ನೋಡಿ. 60ರ ಬುರುಡೆ ಕೊಡೋದು 700 ಚಿಲ್ಲರೆ, 9 ವ್ಯಾಟಿನ ಒಳ್ಳೆ ಎಲ್‌ಇಡಿ 900ರ ಆಸುಪಾಸು. ಅಡುಗೆ ಮನೆಗೆ ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತೆ ಅನ್ನೋ ಅಂಕ) 80ಕ್ಕಿಂತ ಕಡಿಮೆ ಇರೋದು ಬೇಡ, ಬದನೆಕಾಯಿಯ ಹುಳುಕೂ ಕಾಣಲ್ಲ. ಪೆಟ್ಟಿಗೆ ಮೇಲೆ ಬಿಐಎಸ್ ಗುರುತು, ಎಲ್‌ಇಡಿ ಬಲ್ಬಿನ ಮಾನದಂಡವಾದ ಐಎಸ್ 16102, ಆರ್ ಅಕ್ಷರದ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅಂಗಡಿಯಲ್ಲೇ ವಾಪಸ್ ಕೊಡಿ.

ಫೇಸ್‌ನ್ಯೂಟ್ರಲ್:
ಲೆಕ್ಕ ಸರಿ, ಆದರೆ 170 ವೋಲ್ಟ್ ಮರೀಬೇಡಿ. ಅಗ್ಗದ ಬಲ್ಬಲ್ಲಿ ಡ್ರೈವರ್ (ಎಲ್‌ಇಡಿಗೆ ಕರೆಂಟನ್ನು ಹದ ಮಾಡಿ ಕೊಡೋ ಸರ್ಕ್ಯೂಟ್) ಅಂತ ಪ್ರತ್ಯೇಕ ಇರಲ್ಲ, ಎಲ್‌ಇಡಿ ಇರೋ ತಟ್ಟೆ ಮೇಲೇ ಒಂದು ಚಿಪ್ ಕೂರಿಸಿರ್ತಾರೆ. ವೋಲ್ಟೇಜ್ ಬಿದ್ದರೆ ಅದು ಮಂಕಾಗುತ್ತೆ, ಅದುರುತ್ತೆ. ‘100–300 ವೋಲ್ಟ್’ ಅಂತ ಬರೆದಿರೋದನ್ನು, ಸಾಧ್ಯವಾದರೆ 4 ಕೆವಿ (4,000 ವೋಲ್ಟ್) ಸರ್ಜ್, ಅಂದರೆ ವೋಲ್ಟೇಜಿನ ದಿಢೀರ್ ಏರಿಕೆ, ತಡೆಯೋದನ್ನು ತಗೊಳ್ಳಿ. ಮಳೆಗಾಲದ ಸಿಡಿಲಿಗೆ ಅದು ಬೇಕೇ ಬೇಕು.

ಬಚ್ಚಲಲ್ಲಿ ಎಲ್‌ಇಡಿ ಸಾಯೋದು ಬಿಸಿಗೆ. ಗಾಜಿನ ಬುಡ್ಡಿ ಮುಚ್ಚಿದ್ದರೆ ಶಾಖ ಹೊರಗೆ ಹೋಗಲ್ಲ, ಒಳಗಿನ ಕೆಪಾಸಿಟರ್ ಒಣಗುತ್ತೆ. ಹಂಡೆ ಒಲೆಯ ಹೊಗೆ, ಹಬೆ ಬೇರೆ. ಅಲ್ಲಿಗೆ ಬಲ್ಬ್ ಬೇಡ, ಐಪಿ65 ಗುರುತಿನ (ಧೂಳು, ನೀರು ಒಳಗೆ ಹೋಗದ) ದುಂಡನೆಯ ಬಲ್ಕ್‌ಹೆಡ್ ದೀಪ ಹಾಕಿಸಿ. ವೈರ್ ಒಳಗೆ ಹೋಗೋ ರಂಧ್ರದ ರಬ್ಬರ್ ಬುಷ್ ಕೂರಿಸದೆ ಬಿಟ್ಟರೆ ಐಪಿ65 ಬರೀ ಹೆಸರಿಗೆ.

ಹಳೇ ಹೋಲ್ಡರನ್ನೂ ಬದಲಿಸಿ. ಒಳಗಿನ ಎರಡು ಹಿತ್ತಾಳೆ ಮೊನೆ ಕಪ್ಪಾಗಿ, ಒತ್ತಿದರೆ ಸ್ಪ್ರಿಂಗ್ ಮೇಲೆ ಬರದಿದ್ದರೆ ಅಲ್ಲಿ ಕಿಡಿ ಹಾರ್ತಿದೆ ಅಂತಲೇ ಅರ್ಥ. ಬುರುಡೆ ಬಲ್ಬ್ ಅದನ್ನು ತಡ್ಕೊಳ್ಳುತ್ತೆ, ಎಲ್‌ಇಡಿ ತಡ್ಕೊಳ್ಳಲ್ಲ.

ನಿಮ್ಮ ಮನೆ ಬಲ್ಬ್ ಜಾಸ್ತಿ ಬೆಳಗಿ, ಅದೇ ಹೊತ್ತಿಗೆ ಪಕ್ಕದ ಮನೆಯದು ಮಂಕಾದರೆ ಕಂಬದ ಹತ್ತಿರ ನ್ಯೂಟ್ರಲ್ ಸಡಿಲ. ಮೇನ್ ಆಫ್ ಮಾಡಿ ಲೈನ್‌ಮನ್ ಕರೀರಿ. ಆಗ ಫ್ರಿಜ್ಜೂ ಹೋಗಬಹುದು.

ವಿನಾಯಕ_ಎಲೆಕ್ಟ್ರಿಕಲ್ಸ್:
ಆಫ್ ಮಾಡಿದರೂ ಉರಿಯೋದಕ್ಕೆ: ಸ್ವಿಚ್ ಆಫ್ ಮಾಡಿ, ಬಲ್ಬ್ ಬಿಚ್ಚಿ, ಹೋಲ್ಡರಿನ ಎರಡೂ ಮೊನೆಗೆ ಟೆಸ್ಟರ್ ಹಿಡಿಯಿರಿ. ಟೆಸ್ಟರ್ ಚೆನ್ನಾಗಿ ಹತ್ತಿದರೆ ಸ್ವಿಚ್ ಫೇಸ್ ಬದಲು ನ್ಯೂಟ್ರಲ್‌ನಲ್ಲಿದೆ. ಇದು ಬಲ್ಬಿನ ತಕರಾರಲ್ಲ, ಶಾಕ್ ಹೊಡೆಯೋ ತಕರಾರು. ಬೋರ್ಡಲ್ಲಿ ವೈರ್ ಅದಲು ಬದಲು ಮಾಡಿಸಿ. ಫೇಸ್ ಸರಿಯಿದ್ದು ಸ್ವಿಚ್ಚಲ್ಲಿ ಇಂಡಿಕೇಟರ್ (ಪುಟ್ಟ ದೀಪ) ಇದ್ದರೆ ಅದರ ಮೂಲಕ ಕರೆಂಟ್ ಸೋರ್ತಿರುತ್ತೆ, ಸಾದಾ ಸ್ವಿಚ್ ಹಾಕಿ. ಮೆಟ್ಟಿಲಿಗೆ ಟೂ-ವೇ (ಮೇಲೆ, ಕೆಳಗೆ ಎರಡು ಕಡೆ ಸ್ವಿಚ್) ಇದ್ದರೆ ಉದ್ದಕ್ಕೂ ಅಕ್ಕಪಕ್ಕ ಹೋಗೋ ವೈರಿಂದಲೇ ಬಲ್ಬ್ ಮಂಕಾಗಿ ಉರಿಯೋಷ್ಟು ಕರೆಂಟ್ ಬರುತ್ತೆ. ಅದಕ್ಕೆ 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ, ಎಕ್ಸ್2 ದರ್ಜೆಯ (ಮೇನ್ಸ್ ಕರೆಂಟಿಗೆ ನೇರ ಹಾಕೋಕೆ ಮಾಡಿದ) ಕೆಪಾಸಿಟರನ್ನು ಹೋಲ್ಡರಿಗೆ ಅಡ್ಡಲಾಗಿ, ಫೇಸಿಂದ ನ್ಯೂಟ್ರಲ್‌ಗೆ ಹಾಕಬೇಕು. ಫ್ಯಾನ್ ಕೆಪಾಸಿಟರ್ ಹಾಕೋರಿದ್ದಾರೆ, ಬೇಡ.

ಕಾಫಿಸೀಮೆ:
ಥ್ಯಾಂಕ್ಸ್ ಸಾರ್. ಟ್ಯೂಬ್‌ಲೈಟಿನ ಹಳೇ ಪಟ್ಟಿ ಉಳಿಸ್ಕೊಂಡು ಎಲ್‌ಇಡಿ ಟ್ಯೂಬ್ ಮಾತ್ರ ಹಾಕಬಹುದಾ? ಕೋಳಿಮರಿ ಗೂಡಲ್ಲೂ ಒಂದು 60ರ ಬಲ್ಬ್ ಇದೆ.

ವಿನಾಯಕ_ಎಲೆಕ್ಟ್ರಿಕಲ್ಸ್:
ಹಾಕಬಹುದು, ಆದರೆ ನಾನು ಹೇಳೋದು ಬೇಡ ಅಂತ. ಕೆಲವು ಎಲ್‌ಇಡಿ ಟ್ಯೂಬಿಗೆ ಫೇಸ್, ನ್ಯೂಟ್ರಲ್ ಎರಡೂ ಒಂದೇ ತುದಿಗೆ, ಕೆಲವಕ್ಕೆ ಎರಡು ತುದಿಗೆ. ಚೋಕ್, ಸ್ಟಾರ್ಟರ್ ತೆಗೆದು ವೈರಿಂಗ್ ಬದಲಿಸಬೇಕು, ಮುಂದೆ ಬೇರೆ ಯಾರೋ ಬೇರೆ ಜಾತಿ ಟ್ಯೂಬ್ ತುರುಕಿದರೆ ಶಾರ್ಟ್. ಪಟ್ಟಿ ಸಮೇತ ಇಳಿಸಿ 20 ವ್ಯಾಟಿನ ಬ್ಯಾಟನ್ ಹಾಕಿ. ಹಳೇ ತೂತು ಹೊಂದಲ್ಲ, ಗೋಡೆಯಲ್ಲಿ 6 ಎಂಎಂ ಹೊಸ ತೂತು, ಸ್ಕ್ರೂ ಹಿಡಿಯೋಕೆ ಪ್ಲಾಸ್ಟಿಕ್ ಪ್ಲಗ್ ಬೇಕಾಗುತ್ತೆ. ಇಳಿಸಿದ ಟ್ಯೂಬಲ್ಲಿ ಪಾದರಸ ಇರುತ್ತೆ, ಒಡೆದು ತಿಪ್ಪೆಗೆ ಹಾಕಬೇಡಿ, ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ.

ಮರಿ ಗೂಡಿನದು ಹಾಗೇ ಇರಲಿ. ಅಲ್ಲಿ ಬೇಕಾಗಿರೋದು ಬೆಳಕಲ್ಲ, ಕಾವು. ಮರಿಗೆ ಪುಕ್ಕ ಬಂದ ಮೇಲೆ ತೆಗೆದರಾಯ್ತು.